ಅಂಬಿಗಿತ್ತಿ ಕೂತ ಜಾಗ

"ಅವ್ವಾರೇ, ಮಾತು ಕೇಳದ ದೇಹವನ್ನು ದಾರಿಗೆ ತರುವುದು ಹೇಗೆ?" ಎಂದು ಮುರಿಗೆಪ್ಪ ಕೇಳಿದ.

ಮಠದ ಹಿತ್ತಲಲ್ಲಿ ಅವ್ವನವರು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ಅವರಿಗೆ ಶಿಷ್ಯರು ಬಹಳ ಇರಲಿಲ್ಲ. ಇದ್ದವರೂ ಪ್ರಶ್ನೆ ಕೇಳುವಾಗ ಕೈಗೆ ಒಂದು ಕೆಲಸ ಹಚ್ಚಿಕೊಳ್ಳಬೇಕಿತ್ತು. ಮುರಿಗೆಪ್ಪನೂ ಕೂತು ಹುಣಸೆಹಣ್ಣಿಗೆ ಕೈ ಹಾಕಿದ.

"ಅದಕ್ಕೆ ನೀನು ಏನು ಹೇಳಿದೆ?" ಎಂದು ಅವ್ವನವರು ಕೇಳಿದರು.

"ಕರಗು ಎಂದೆ. ರಾತ್ರಿಯ ಊಟ ಬಿಟ್ಟೆ. ಈಗ ಮಧ್ಯಾಹ್ನವೂ ಅರ್ಧ ರೊಟ್ಟಿ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಚೆನ್ನಾಗಿ ಬೈಯುತ್ತೇನೆ. ಏನೂ ಆಗಲಿಲ್ಲ."

"ಬೈದರೆ ಕರಗುವ ಹಾಗಿದ್ದರೆ ನಮ್ಮ ಅಡುಗೆಯ ಈರಣ್ಣ ಇಷ್ಟು ಹೊತ್ತಿಗೆ ಒಲೆಯ ಹೊಗೆಯ ಜೊತೆ ಹಾರಿಹೋಗುತ್ತಿದ್ದ. ಅವನನ್ನು ನಾನು ದಿನಾ ಬೈಯುತ್ತೇನೆ. ಅದಿರಲಿ, ಗುಡ್ಡ ಹತ್ತುವುದನ್ನು ಯಾಕೆ ಬಿಟ್ಟೆ?"

ಮುರಿಗೆಪ್ಪ ತಲೆ ತಗ್ಗಿಸಿದ. ಮಠದ ಹಿಂದೆ ಒಂದು ಗುಡ್ಡವಿತ್ತು. ಶಿಷ್ಯರೆಲ್ಲ ಬೆಳಿಗ್ಗೆ ಅದನ್ನು ಹತ್ತಿ ಇಳಿಯುತ್ತಿದ್ದರು. ಕೊನೆಗೆ ಬರುವವನು ಯಾವಾಗಲೂ ಮುರಿಗೆಪ್ಪ. ಮೊದಲು ಹತ್ತಿದವರು ಮೇಲಿನ ಬಂಡೆಯ ಮೇಲೆ ಕೂತು ಕೂಗುತ್ತಿದ್ದರು. "ಮುರಿಗೆಪ್ಪಾ, ಆ ಗುಡ್ಡವನ್ನು ಅಲ್ಲೇ ಬಿಟ್ಟು ಬಾರೋ, ನೀನೊಬ್ಬ ಬಂದರೆ ಸಾಕು!"

"ಸ್ವಲ್ಪ ತೆಳ್ಳಗಾದ ಮೇಲೆ ಮತ್ತೆ ಹತ್ತುತ್ತೇನೆ," ಎಂದ.

ಅವ್ವನವರು ಒಂದು ಬೀಜವನ್ನು ದೂರ ಎಸೆದರು. ಅವರು ಬಹಳ ಊರು ತಿರುಗಿದವರು. "ಒಂದು ಸೀಮೆಯಲ್ಲಿ ಮದುವೆಗೆ ಮೊದಲು ಹುಡುಗಿಗೆ ತುಪ್ಪ ಕುಡಿಸಿ ಮೈ ತುಂಬಿಸುವುದನ್ನು ನೋಡಿದ್ದೇನೆ. ಇನ್ನೊಂದು ಸೀಮೆಯಲ್ಲಿ ಅದೇ ಮದುವೆಗೆಂದು ಹುಡುಗಿಯ ತಟ್ಟೆಯಿಂದ ತುಪ್ಪ ತೆಗೆಯುತ್ತಿದ್ದರು. ಎರಡೂ ಕಡೆ ಹುಡುಗಿ ಅಳುತ್ತಿದ್ದಳು. ಎರಡೂ ಕಡೆ ಆ ತುಪ್ಪದ ಬಗ್ಗೆ ಮಾತಾಡುತ್ತಿದ್ದವರು ಬೀಗರು," ಎಂದರು. ಆಮೇಲೆ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಹರಿಗೋಲು ನಡೆಸುವುದು ಅವಳಿಗೆ ತಾಯಿಯಿಂದ ಬಂದ ಕೆಲಸ. ಈ ದಡದಲ್ಲಿ ಊರು, ಆ ದಡದಲ್ಲಿ ಸಂತೆ. ನಡುವೆ ಸೇತುವೆ ಇರಲಿಲ್ಲ. ಹರಿಗೋಲು ಎಂದರೆ ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ದೊಡ್ಡ ಬುಟ್ಟಿ. ಭಾರ ಎಲ್ಲಿ ಕೂರುತ್ತದೋ ಅದರ ಮೇಲೆ ಹರಿಗೋಲಿನ ನಡತೆ. ಭಾರ ಸರಿಯಾಗಿ ಕೂತರೆ ಅದು ಹಸುವಿನಷ್ಟು ಸಾಧು. ತಪ್ಪಾಗಿ ಕೂತರೆ ಬುಗುರಿ.

ಆದ್ದರಿಂದ ಆ ಹೊಳೆಯಲ್ಲಿ ಒಂದು ಪದ್ಧತಿ ಇತ್ತು. ಹರಿಗೋಲಿಗೆ ಬಂದವರು ತಮಗೆ ಬೇಕಾದಲ್ಲಿ ಕೂರುವಂತಿರಲಿಲ್ಲ. ಅಂಬಿಗಿತ್ತಿ ದಡದಲ್ಲಿ ನಿಂತು ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದಳು. ನೋಡಿ ಜಾಗ ಹೇಳುತ್ತಿದ್ದಳು.

"ಸಾವ್ಕಾರ್ರ, ನೀವು ಈ ಕಡೆ ಬರ್ರಿ. ಇವರ ಎದುರಿಗೆ ಒಬ್ಬರು ಸಾಲಂಗಿಲ್ಲ, ನೀವಿಬ್ಬರು ಅಲ್ಲಿ ಕುಂದರ್ರಿ. ಮಾಸ್ತರ್ರ, ನಿಮ್ಮ ಮಗ್ಗಲಿಗೆ ಆ ಜೋಳದ ಚೀಲ ಇಟ್ಟುಕೊಳ್ರಿ. ಇಲ್ಲಂದ್ರ ಗಾಳಿಗೆ ಹಾರಿ ಹೋಗ್ತೀರಿ."

ಜನ ನಗುತ್ತಿದ್ದರು. ಅವಳು ಸಾವ್ಕಾರ್ರ ಎಂದು ಕರೆದ ಆ ದಪ್ಪ ವ್ಯಾಪಾರಿಯೂ ನಗುತ್ತಿದ್ದ. "ನಾನಿಲ್ಲಂದ್ರ ನಿನ್ನ ಹರಿಗೋಲು ಸಮ ನಿಲ್ಲಂಗಿಲ್ಲ ಬಿಡು," ಎನ್ನುತ್ತಿದ್ದ.

"ಖರೇ ಮಾತು ರೀ. ವಾರಾ ತಪ್ಪಸಬ್ಯಾಡ್ರಿ," ಎನ್ನುತ್ತಿದ್ದಳು ಅಂಬಿಗಿತ್ತಿ.

ದಡದ ಮೇಲೆ ಒಬ್ಬನನ್ನು ಡೊಳ್ಳು ಹೊಟ್ಟೆಯವನೆಂದರೆ ಜಗಳವಾಗುತ್ತದೆ. ಹರಿಗೋಲಿನಲ್ಲಿ ಜಗಳವಿರಲಿಲ್ಲ. ಅಲ್ಲಿ ಯಾರ ಮೈಯೂ ತಪ್ಪಾಗಿರಲಿಲ್ಲ. ಒಂದೊಂದು ಮೈಗೂ ಒಂದು ಜಾಗವಿತ್ತು. ಅದು ಅಂಬಿಗಿತ್ತಿಗೆ ಗೊತ್ತಿತ್ತು.

ಎಲ್ಲರೂ ಕೂತ ಮೇಲೆ ಅವಳು ಹತ್ತುತ್ತಿದ್ದಳು. ಹೋಗುವ ದಿಕ್ಕಿನ ಅಂಚಿಗೆ ಮೊಣಕಾಲೂರಿ, ಮುಂದೆ ಬಾಗಿ ಹುಟ್ಟು ಹಾಕುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ತಾಯಿ ತೋರಿಸಿಕೊಟ್ಟ ಜಾಗ ಅದು.

ಆ ಹೊಳೆಗೆ ಇನ್ನೊಂದು ಪದ್ಧತಿಯೂ ಇತ್ತು. ಮಳೆಗಾಲದಲ್ಲಿ ಕೆಂಪು ಹೊಸ ನೀರು ಬಂದ ದಿನ ಎರಡೂ ದಡದ ಹಿರಿಯರು ಸೇರುತ್ತಿದ್ದರು. ಆ ವರ್ಷ ಹುಟ್ಟು ಹಿಡಿಯಬೇಕೆನ್ನುವವರು ಬರಿಯ ಹರಿಗೋಲಿನಲ್ಲಿ ಒಬ್ಬರೇ ಹೊಳೆ ದಾಟಬೇಕು. ಆಚೆಯ ದಡದ ಮೆಟ್ಟಿಲು ಮುಟ್ಟಿ ಮರಳಿ ಬರಬೇಕು. ಜನ ತುಂಬಿದ ಹರಿಗೋಲಿಗಿಂತ ಬರಿಯ ಹರಿಗೋಲು ನಡೆಸುವುದು ಕಷ್ಟ. ಮೆಟ್ಟಿಲು ತಪ್ಪಿ ಇನ್ನೆಲ್ಲೋ ದಡ ಹತ್ತಿದವರ ಕೈಗೆ ಊರಿನ ಮಕ್ಕಳುಮರಿಗಳನ್ನು ಒಪ್ಪಿಸಲು ಹಿರಿಯರು ತಯಾರಿರಲಿಲ್ಲ.

ಅವಳು ಮೊದಲ ಸಲ ದಾಟುವಾಗ ಇನ್ನೂ ಹುಡುಗಿ, ಕಡ್ಡಿಯಂತಿದ್ದಳು. ತಾಯಿ ಒಂದು ಗುಂಡುಕಲ್ಲಿಗೆ ಅರಿಸಿನ ಹಚ್ಚಿ ಹರಿಗೋಲಿನೊಳಗೆ, ಮಗಳ ಬೆನ್ನ ಹಿಂದೆ ಇಟ್ಟಿದ್ದಳು. "ಗಂಗವ್ವ ಜೋಡಿ ಇರಲಿ," ಎಂದಿದ್ದಳು. ಹುಡುಗಿ ಮೆಟ್ಟಿಲು ಮುಟ್ಟಿ ಬಂದಳು. ಅಂದಿನಿಂದ ಅವಳಿಗೆ ಆ ಕಲ್ಲಿನ ಮೇಲೆ ಭಕ್ತಿ. ತಾಯಿ ಸತ್ತ ಮೇಲೆ ಭಕ್ತಿ ಇನ್ನೂ ಹೆಚ್ಚಿತು. ದೇವರನ್ನು ಕಾಲ ಬಳಿ ಇಟ್ಟುಕೊಳ್ಳಬಾರದೆಂದು ದಡದ ಮೇಲೆ ಕಟ್ಟೆ ಕಟ್ಟಿಸಿ ಕಲ್ಲನ್ನು ಅಲ್ಲಿ ಕೂರಿಸಿದಳು. ಊರವರು ಬಂದು ಕಾಯಿ ಒಡೆದರು. ಮತ್ತೆ ಆ ಕಲ್ಲು ಹೊಳೆಗೆ ಇಳಿಯಲಿಲ್ಲ. ಅಷ್ಟು ಹೊತ್ತಿಗೆ ಅವಳ ಮೈಯೂ ಸ್ವಲ್ಪ ತುಂಬಿತ್ತು. ಕಲ್ಲಿಲ್ಲದೆಯೂ ಹರಿಗೋಲು ನೆಟ್ಟಗೆ ನಡೆಯುತ್ತಿತ್ತು. ಎಲ್ಲ ಗಂಗವ್ವನ ದಯೆ ಎಂದುಕೊಂಡಳು.

ವರ್ಷಗಳು ಹೋದವು. ಮಕ್ಕಳಾದವು. ಅವಳ ಸೊಂಟ ಅಗಲವಾಯಿತು, ತೊಡೆ ದಪ್ಪವಾಯಿತು. ಅವಳು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಹೆಂಗಸರ ಜೊತೆ ಹೊಳೆಗೆ ಇಳಿದು ನಡುಗಡ್ಡೆಯವರೆಗೆ ಈಜಿ ಬರುತ್ತಿದ್ದಳು. ಸಂಜೆ ಹರಿಗೋಲನ್ನು ಒಬ್ಬಳೇ ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದಳು. ಗಂಡಸರು ಸಹಾಯಕ್ಕೆ ಬಂದರೆ, "ನಿಮ್ಮ ಸೊಂಟ ಜೋಪಾನ," ಎನ್ನುತ್ತಿದ್ದಳು.

ಒಂದು ವರ್ಷ ಹೊಸ ನೀರಿನ ದಿನ ಹರಿಗೋಲು ಅವಳ ಮಾತು ಕೇಳಲಿಲ್ಲ. ಮುಂದಿನ ಅಂಚು ನೀರಿಗೆ ಮೂಗು ಹಾಕಿತು. ಹಿಂದಿನ ಅಂಚು ಮೇಲೆದ್ದಿತು. ಎಳೆದಷ್ಟೂ ಸುತ್ತಿತು. ಮೆಟ್ಟಿಲು ತಪ್ಪಿತು. ಅವಳು ಬಹಳ ಕೆಳಗೆ ಹೋಗಿ ಒಂದು ಜಾಲಿಯ ಪೊದೆಯ ಬಳಿ ದಡ ಹತ್ತಿದಳು.

ಊರ ಗೌಡ ಹೇಳಿದ. "ನಿನ್ನ ತಾಯಿ ಮುಖ ನೋಡಿ ಈ ವರ್ಷ ಬಿಡ್ತೀವಿ. ಬರೋ ವರ್ಷ ನಿನ್ನ ತಂಗಿ ಮಗಳೂ ದಾಟ್ತಾಳ. ಮೆಟ್ಟಿಲು ಯಾರು ಮುಟ್ಟತಾರೋ ಹುಟ್ಟು ಅವರದು."

ತಂಗಿಯ ಮಗಳು ಬಿದಿರಿನ ಸೀಳಿನಂಥ ಹುಡುಗಿ. ಹುಟ್ಟು ಹಾಕುವುದನ್ನು ದೊಡ್ಡವ್ವನ ಹತ್ತಿರ ಕಲಿತವಳು. ಬಾಯಿ ಮಾತ್ರ ಸ್ವಂತದ್ದು.

"ದೊಡ್ಡವ್ವಾ, ಬರೋ ವರ್ಷ ಹರಿಗೋಲು ನಿನ್ನ ಹೊರಬೇಕೋ, ನೀನು ಹರಿಗೋಲು ಹೊರಬೇಕೋ, ಈಗೇ ಮಾತಾಡಿಕೊಂಡುಬಿಡ್ರಿ," ಎಂದಳು.

ಎಲ್ಲರೂ ನಕ್ಕರು. ಅಂಬಿಗಿತ್ತಿಯೂ ನಕ್ಕಳು. ಮನೆಗೆ ಹೋಗಿ ಕನ್ನಡಿ ತೆಗೆದಳು. ಕನ್ನಡಿ ಅಂಗೈಯಷ್ಟಿತ್ತು. ಅದರಲ್ಲಿ ಮೈ ತುಂಡು ತುಂಡಾಗಿ ಕಂಡಿತು. ಒಂದು ತುಂಡೂ ಅವಳಿಗೆ ಹಿಡಿಸಲಿಲ್ಲ.

"ತಪ್ಪು ಹೊಳೆಯದಲ್ಲ, ಹುಟ್ಟಿನದೂ ಅಲ್ಲ. ತಪ್ಪು ಈ ಮೈಯದು," ಎಂದುಕೊಂಡಳು.

ಆ ದಿನದಿಂದ ಮೈಗೆ ಶಿಕ್ಷೆ ಶುರುವಾಯಿತು. ರೊಟ್ಟಿ ಬಿಟ್ಟಳು. ಬೆಣ್ಣೆ ಬಿಟ್ಟಳು. ಬರಿಯ ಗಂಜಿ ಕುಡಿದಳು. ಬೆಳಿಗ್ಗೆ ತೊಡೆಗೆ ಕೈಯಿಂದ ಹೊಡೆದು, "ನೀನೇ ನನ್ನ ಹುಟ್ಟು ಕಳೆದಿ," ಎಂದು ಬೈಯುತ್ತಿದ್ದಳು.

ಗಂಡ ಬುಟ್ಟಿ ಹೆಣೆಯುವವನು. ಅವನು ಕೆಲವು ದಿನ ನೋಡಿ ಕೇಳಿದ. "ರೊಟ್ಟಿ ಯಾಕ ಬಿಟ್ಟಿ?"

"ಮೈ ಇಳೀಬೇಕು."

"ಇಳಿದು ಎಲ್ಲಿಗೆ ಹೋಗ್ತೈತಿ?"

"ನಿನಗ ನಗಿ. ನನ್ನ ಹುಟ್ಟು ಹೋಗ್ತೈತಿ."

"ಈ ಮೈ ನನ್ನ ಮಕ್ಕಳನ್ನ ಹೊತ್ತೈತಿ. ಅರ್ಧ ಊರಿಗೆ ಹೊಳಿ ದಾಟಿಸೈತಿ. ಅದಕ್ಕ ಒಂದು ರೊಟ್ಟಿ ಹಾಕಾಕ ನಿನಗ ಮನಸು ಬರವಲ್ದಾ?"

ಅವಳು ಗಂಜಿಯ ಬಟ್ಟಲು ಹಿಡಿದು ಹೊರಗೆ ಹೋದಳು. ಉತ್ತರ ಕೊಟ್ಟಿದ್ದರೆ ರೊಟ್ಟಿ ತಿನ್ನಬೇಕಾಗುತ್ತಿತ್ತು.

ಈಜುವುದನ್ನೂ ಬಿಟ್ಟಳು. ಸೀರೆ ಒದ್ದೆಯಾದರೆ ಮೈ ಕಾಣುತ್ತದೆ. ಹೆಂಗಸರು ನೋಡುತ್ತಾರೆ. ಮನೆಯ ಹಿಂದೆ ತಡಿಕೆಯ ಮರೆಯಲ್ಲಿ ನೀರು ಹೊಯ್ದುಕೊಳ್ಳತೊಡಗಿದಳು. ಸ್ವಲ್ಪ ತೆಳ್ಳಗಾದ ಮೇಲೆ ಮತ್ತೆ ಹೊಳೆಗೆ ಇಳಿಯುತ್ತೇನೆ ಎಂದುಕೊಂಡಳು.

ಇಲ್ಲಿ ಮುರಿಗೆಪ್ಪನ ಕೈ ನಿಂತಿತು.

"ಕೈ ನಿಲ್ಲಿಸಬೇಡ, ಇನ್ನೂ ಬಹಳ ಹಣ್ಣಿದೆ," ಎಂದು ಹೇಳಿ ಅವ್ವನವರು ಕತೆ ಮುಂದುವರಿಸಿದರು.

ಅವಳು ದಿನಾ ಕಟ್ಟೆಗೆ ಹೋಗಿ ಕಲ್ಲಿಗೆ ಕೈ ಮುಗಿಯುತ್ತಿದ್ದಳು. "ಗಂಗವ್ವಾ, ನನ್ನ ಭಾರ ಇಳಿಸು," ಎಂದು ಬೇಡುತ್ತಿದ್ದಳು. ಕಲ್ಲು ತನ್ನ ಭಾರವನ್ನು ಇಟ್ಟುಕೊಂಡು ಸುಮ್ಮನೆ ಕೂತಿತ್ತು.

ಹರಿಗೋಲಿಗೆ ಬಂದವರನ್ನು ಅವಳು ಈಗಲೂ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದಳು. ಈಗಲೂ ಜಾಗ ಹೇಳುತ್ತಿದ್ದಳು. ಒಂದು ದಿನ ಬಳೆಗಾರ್ತಿಗೆ, "ನೀನು ಈ ಕಡೆ ಬಾ. ನಿಂದೂ ನನ್ನ ಹಂಗೇ ಆಗೈತಿ," ಎಂದಳು. ಬಳೆಗಾರ್ತಿ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ವ್ಯಾಪಾರಿ ತನ್ನ ಸರದಿ ಬರುವ ಮೊದಲೇ ಹೋಗಿ ಒಂದು ಮೂಲೆಯಲ್ಲಿ ಮುದುರಿ ಕೂತ. ಮಾತು ಮೊದಲಿನದೇ, ಜಾಗವೂ ಮೊದಲಿನದೇ. ಆದರೆ ಹರಿಗೋಲಿನಲ್ಲಿ ಯಾರೂ ನಗಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮೈ ಇಳಿದಿತ್ತು. ಸುಳ್ಳು ಹೇಳಬಾರದು, ಇಳಿದಿತ್ತು. ರವಿಕೆ ಸಡಿಲವಾಗಿತ್ತು. ಕೇರಿಯ ಹೆಂಗಸರು ಹೊಗಳಿದರು. ಹೊಗಳಿಸಿಕೊಂಡು ದಡದ ಏರು ಹತ್ತುವಾಗ ಅವಳಿಗೆ ಏದುಸಿರು ಬಂತು. ಸಂಜೆ ಹರಿಗೋಲನ್ನು ಎಳೆಯಲು ಇಬ್ಬರನ್ನು ಕರೆಯಬೇಕಾಯಿತು.

ಮಳೆಗೆ ಮುಂಚೆ ಒಂದು ಮಧ್ಯಾಹ್ನ ಬರಿಯ ಹರಿಗೋಲು ತೆಗೆದುಕೊಂಡು ಒಬ್ಬಳೇ ಹೊಳೆಗೆ ಇಳಿದಳು. ತೆಳ್ಳಗಾದ ಮೈಯನ್ನು ಪರೀಕ್ಷೆ ಮಾಡಿ ನೋಡಬೇಕಿತ್ತು. ನೀರು ಹೆಚ್ಚಿರಲಿಲ್ಲ, ಗಾಳಿ ಇತ್ತು. ನಡುಹೊಳೆಯಲ್ಲಿ ಗಾಳಿ ಹರಿಗೋಲನ್ನು ಹಿಡಿಯಿತು. ಅವಳು ಹುಟ್ಟು ಹಾಕಿದಳು. ತೋಳಿನಲ್ಲಿ ಬಲವಿರಲಿಲ್ಲ. ಹರಿಗೋಲು ಸುತ್ತುತ್ತ ಸುತ್ತುತ್ತ ಕೆಳಗೆ ಸಾಗಿತು. ಕೊನೆಗೆ ಒಂದು ಕಲ್ಲುಗಾಡಿನ ದಡಕ್ಕೆ ಹೋಗಿ ತಾನಾಗಿ ನಿಂತಿತು.

ಅಲ್ಲಿ ಒಬ್ಬ ಕುರುಬ ಕುರಿಗಳಿಗೆ ನೀರು ಕುಡಿಸುತ್ತಿದ್ದ. "ಯವ್ವಾ, ಹರಿಗೋಲು ಯಾವ ಕಡೆ ಹೊಂಟೈತಿ?" ಎಂದು ಕೇಳಿದ.

"ಅದನ್ನೇ ಕೇಳು," ಎಂದಳು.

ಹೊಳೆಯ ವಿರುದ್ಧ ಮರಳಿ ಹೋಗಬೇಕಿತ್ತು. ಬರಿಯ ಹರಿಗೋಲು ಗಾಳಿಗೆ ನಿಲ್ಲುವುದಿಲ್ಲ. ಒಳಗೆ ಭಾರ ಬೇಕು. ಅವಳು ದಡದಿಂದ ಕಲ್ಲು ಆರಿಸಿ ತಂದು ಹಾಕತೊಡಗಿದಳು. ಒಂದೊಂದು ಕಲ್ಲನ್ನೂ ಸೊಂಟದ ಮೇಲೆ ಮಗುವಿನ ಹಾಗೆ ಹೊತ್ತು ತಂದಳು. ಬಾಯಿಗೆ ರೂಢಿಯಾದ ಮಾತು ತಾನಾಗಿ ಬಂತು.

"ನೀನು ದೊಡ್ಡಾಕಿ, ನಡುವಿಗೆ ಬಾ, ಒಂದೀಟು ಹಿಂದ ಕುಂದರು. ನೀವಿಬ್ಬರು ಆ ಕಡೆ. ನೀನು ಸಣ್ಣಾಕಿ, ಅಂಚಿಗಿದ್ರ ನಡೀತೈತಿ."

ಕುರುಬ ಬಿದ್ದು ಬಿದ್ದು ನಕ್ಕ. "ಕಲ್ಲಿಗೂ ಜಾಗ ತೋರಸ್ತೀಯಲ್ಲ ಯವ್ವಾ! ಮರ್ಯಾದಿ ಜೋರೈತಿ ಕಲ್ಲಿಗೆ!"

ಅಂಬಿಗಿತ್ತಿ ನಿಂತಳು. ಹರಿಗೋಲಿನೊಳಗೆ ನೋಡಿದಳು. ದೊಡ್ಡ ಕಲ್ಲು ನಡುವಿನಿಂದ ಸ್ವಲ್ಪ ಹಿಂದೆ ಕೂತಿತ್ತು. ತಾಯಿ ಅರಿಸಿನ ಹಚ್ಚಿದ ಕಲ್ಲನ್ನು ಇಟ್ಟಿದ್ದದ್ದು ಅದೇ ಜಾಗದಲ್ಲಿ.

ಅವಳು ಕಲ್ಲುಗಾಡಿನ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು. ವರ್ಷವಿಡೀ ಹಸಿದು ಮೈಯಿಂದ ಇಳಿಸಿದ ಭಾರವನ್ನು ಈಗ ಹೊಳೆಯ ದಡದಿಂದ ಆರಿಸಿ ಆರಿಸಿ ಹರಿಗೋಲಿಗೆ ತುಂಬುತ್ತಿದ್ದಳು. ಕಲ್ಲಿನಲ್ಲಿದ್ದಾಗ ಆ ಭಾರವನ್ನು ಅವಳು ಬೈಯಲಿಲ್ಲ. ಬಾ, ಕೂರು, ಎಂದು ಕರೆದಿದ್ದಳು.

ಆಮೇಲೆ ನಗು ನಿಂತಿತು. ಇಷ್ಟು ವರ್ಷ ಎಲ್ಲರಿಗೂ ಜಾಗ ಹೇಳಿದವಳು ತನ್ನ ಮೈಯನ್ನು ದಡದಲ್ಲಿ ನಿಲ್ಲಿಸಿ ಒಮ್ಮೆಯೂ ನೋಡಿರಲಿಲ್ಲ. ಕಡ್ಡಿಯಂಥ ಹುಡುಗಿಗೆ ತಾಯಿ ತೋರಿಸಿದ ಜಾಗದಲ್ಲಿ ಮಕ್ಕಳ ತಾಯಿಯನ್ನು ಕೂರಿಸಿದ್ದಳು. ಕಳೆದ ಹೊಸ ನೀರಿನ ದಿನ ಹರಿಗೋಲು ಮೂಗು ನೆಲಕ್ಕೆ ಹಾಕಿದ ಎತ್ತಿನ ಹಾಗೆ ಮುಂದೆ ಬಾಗಿದ್ದು ಅದಕ್ಕೇ. ಜನ ತುಂಬಿದ ದಿನ ಅವರ ಭಾರ ಈ ತಪ್ಪನ್ನು ಮುಚ್ಚಿಕೊಂಡು ಹೋಗುತ್ತಿತ್ತು. ಒಬ್ಬಳೇ ಇದ್ದಾಗ ಮುಚ್ಚುವವರು ಯಾರೂ ಇರಲಿಲ್ಲ.

ಅವಳು ಎದ್ದು ನಿಂತಳು. ತಲೆಯಿಂದ ಕಾಲಿನವರೆಗೆ ತನ್ನನ್ನು ತಾನು ನೋಡಿಕೊಂಡಳು. ಹೊಸದಾಗಿ ಸಂತೆಗೆ ಹೊರಟ ಹೆಂಗಸನ್ನು ನೋಡಿದ ಹಾಗೆ ನೋಡಿದಳು.

"ಬಾರವ್ವಾ. ನಿಂದು ಆ ಜಾಗ ಅಲ್ಲ. ಹಿಂದ ಬಾ," ಎಂದಳು.

ಕುರುಬ ನಗುವುದನ್ನು ನಿಲ್ಲಿಸಿದ. ಈ ಹೆಂಗಸಿಗೆ ಬಿಸಿಲು ಬಡಿದಿದೆ ಎಂದುಕೊಂಡು ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ.

ಅವಳು ದೊಡ್ಡ ಕಲ್ಲನ್ನು ಕೆಳಗಿಳಿಸಿ ಆ ಜಾಗದಲ್ಲಿ ತಾನು ಮೊಣಕಾಲೂರಿದಳು. ಹರಿಗೋಲು ಸಮ ನಿಂತಿತು. ಆದರೆ ಹುಟ್ಟು ಗಿಡ್ಡವಾಗಿತ್ತು. ಅಲ್ಲಿಂದ ಅದು ನೀರನ್ನು ಸರಿಯಾಗಿ ಮುಟ್ಟಲಿಲ್ಲ. ಅದೂ ಹುಡುಗಿಯ ಕಾಲದ ಹುಟ್ಟು. ಉಳಿದ ಕಲ್ಲುಗಳನ್ನು ಜೊತೆಗೆ ಇಟ್ಟುಕೊಂಡು ದಡದ ಬದಿಯಲ್ಲೇ ನಿಧಾನಕ್ಕೆ ಊರು ಸೇರಿದಳು.

ಮನೆಗೆ ಬಂದು ಗಂಡನನ್ನು ಕೇಳಿದಳು. "ರೊಟ್ಟಿ ಐತೇನು?"

ಗಂಡ ಅವಳ ಮುಖ ನೋಡಿದ. "ಐತಿ. ಬೆಣ್ಣೀನೂ ಐತಿ."

"ಹಾಕು. ಉಂಡ ಮ್ಯಾಲ ನನ್ನ ತೋಳು ಅಳದು ಒಂದು ಉದ್ದನ ಹುಟ್ಟು ಮಾಡಿಕೊಡು."

"ಹುಟ್ಟು ಆಮ್ಯಾಲ ಕೇಳು. ಮೊದಲು ಕುಂದರು," ಎಂದು ಗಂಡ ತಟ್ಟೆ ತಂದ. ಅವಳು ಉಣ್ಣುವುದನ್ನು ನೋಡುತ್ತ ಕೂತ.

ಮರುದಿನ ಬೆಳಿಗ್ಗೆ ಅವಳು ಹೆಂಗಸರು ಈಜುವ ಕಡೆಗೆ ಹೋದಳು. ಎಲ್ಲರೂ ತಿರುಗಿ ನೋಡಿದರು. ಒಬ್ಬಳು ಹೇಳಿದಳು. "ಯವ್ವಾ, ಎಷ್ಟು ಚಂದ ಆಗೀಯ! ಇನ್ನ ಹಿಂಗೇ ಇರು."

"ಹೆಂಗ ಇರ್ತೀನೋ ನನಗೂ ಗೊತ್ತಿಲ್ಲ. ಸರಿ, ದಾರಿ ಬಿಡು, ಈಜಬೇಕು," ಎಂದು ಅಂಬಿಗಿತ್ತಿ ನೀರಿಗೆ ಬಿದ್ದಳು.

ಆ ದಿನ ನಡುಗಡ್ಡೆ ಮುಟ್ಟಲಾಗಲಿಲ್ಲ. ಅರ್ಧದಿಂದ ತಿರುಗಿ ಬಂದಳು. ತೋಳನ್ನು ಬೈಯಲು ಬಾಯಿ ತೆರೆದಳು. ತೆರೆದ ಬಾಯಿಯಲ್ಲಿ, "ಇವತ್ತಿಗೆ ಇಷ್ಟು ಸಾಕು. ನಾಳೆ ಇನ್ನೊಂದೀಟು ನೋಡೋಣ," ಎಂದಳು. ತೋಳಿಗೆ ಅದು ಕೇಳಿಸಿತೋ ಇಲ್ಲವೋ ಯಾರಿಗೆ ಗೊತ್ತು. ಬೈದಾಗಲೂ ಅದಕ್ಕೆ ಕೇಳಿಸಿರಲಿಲ್ಲ. ಆದರೆ ಬೈದ ಮರುದಿನ ಹೊಳೆಯ ಕಡೆ ಮುಖ ಹಾಕಲು ನಾಚಿಕೆಯಾಗುತ್ತಿತ್ತು. ಒಳ್ಳೆಯ ಮಾತಾಡಿದ ಮರುದಿನ ಕಾಲುಗಳು ತಾವಾಗಿ ಹೊಳೆಯ ಕಡೆ ನಡೆದವು. ದಿನಾ ನಡೆದವು. ಒಂದು ದಿನ ನಡುಗಡ್ಡೆ ಸಿಕ್ಕಿತು.

ಹರಿಗೋಲಿನಲ್ಲಿ ವ್ಯಾಪಾರಿ ಮತ್ತೆ ಎದುರಿಗೆ ಇಬ್ಬರನ್ನು ಕೂರಿಸಿಕೊಂಡು ನಗತೊಡಗಿದ.

ಮಳೆ ಬಂತು. ಹೊಳೆಗೆ ಹೊಸ ನೀರು ಬಂತು. ಹಿರಿಯರು ಛತ್ರಿ ಹಿಡಿದು ದಡದಲ್ಲಿ ಸೇರಿದರು.

ಮೊದಲು ತಂಗಿಯ ಮಗಳು ಇಳಿದಳು. ಅಂಚಿಗೆ ಮೊಣಕಾಲೂರಿ ಚುರುಕಾಗಿ ಹುಟ್ಟು ಹಾಕಿದಳು. ಜನ ಭಲೇ ಎಂದರು. ನಡುಹೊಳೆಯ ಸೆಳವು ಮುಟ್ಟಿದ ಕೂಡಲೇ ಹರಿಗೋಲು ಎಲೆಯಂತೆ ಹಗುರಾಗಿ ಕುಣಿಯಿತು. ಸುತ್ತಿತು. ಮತ್ತೆ ಸುತ್ತಿತು. ಹುಡುಗಿ ಕೂಗಿದಳು. ಜಾಲಿಯ ಪೊದೆಯ ಹತ್ತಿರ ಇದ್ದವರು ಹಗ್ಗ ಎಸೆದು ಎಳೆದುಕೊಳ್ಳದಿದ್ದರೆ ಆ ದಿನ ಊರಿನಲ್ಲಿ ಸೂತಕವಿರುತ್ತಿತ್ತು.

ಹುಡುಗಿಯನ್ನು ಕರೆತಂದು ಕೂರಿಸಿ, ಅವಳ ಹರಿಗೋಲನ್ನೂ ಎಳೆತಂದ ಮೇಲೆ ಅಂಬಿಗಿತ್ತಿ ತನ್ನ ಹರಿಗೋಲಿನಲ್ಲಿ ಹೊರಟಳು. ಎಲ್ಲರೂ ಹುಬ್ಬು ಏರಿಸಿದರು. ಅವಳು ಅಂಚಿಗೆ ಹೋಗದೆ ಹರಿಗೋಲಿನ ಒಳಗೆ, ನಡುವಿನಿಂದ ಸ್ವಲ್ಪ ಹಿಂದೆ ಮೊಣಕಾಲೂರಿದ್ದಳು. ಕೈಯಲ್ಲಿ ಯಾರೂ ನೋಡಿರದಷ್ಟು ಉದ್ದದ ಹುಟ್ಟು.

ಗೌಡ ಕೂಗಿದ. "ಇದೇನಬೇ? ಅಂಬಿಗಿತ್ತಿ ಮಂದಿ ಹಂಗ ಒಳಗ ಕುಂತಾಳ! ನಿನ್ನ ದಾಟಸವರು ಯಾರು?"

"ನಾನೇ ರೀ ಗೌಡ್ರ," ಎಂದಳು.

ಜನ ನಕ್ಕರು. ಹರಿಗೋಲು ಹೊರಟಿತು. ಸೆಳವು ಬಂದಾಗ ಅದು ಒಂದು ಕಡೆಗೆ ವಾಲಿತು. ದಡದಲ್ಲಿ ನಗು ನಿಂತಿತು. ಅವಳು ಹುಟ್ಟು ಎತ್ತಿ ಹಿಡಿದು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ತನಗೆ ತಾನೇ, "ಒಂದೀಟು ಸರಿಯವ್ವಾ," ಎಂದಳು. ಸರಿದಳು. ಅಗಲವಾದ ಆ ಸೊಂಟ ಹರಿಗೋಲಿನ ತಳವನ್ನು ಒತ್ತಿ ಹಿಡಿಯಿತು. ಹರಿಗೋಲು ನೆಟ್ಟಗಾಯಿತು. ಅವಳು ಹುಟ್ಟು ಹಾಕಿದಳು. ಆಚೆಯ ಮೆಟ್ಟಿಲು ಮುಟ್ಟಿದಳು. ಮರಳಿ ಬರುವಾಗ ತೋಳು ಉರಿಯುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಈಚೆಯ ಮೆಟ್ಟಿಲಿಗೆ ಹರಿಗೋಲು ತಾಗಿದ ಸದ್ದು ಕೇಳಿದ ಮೇಲೆಯೇ ಕೈ ನಿಲ್ಲಿಸಿದಳು.

ಗೌಡ ಹೇಳಿದ. "ಹುಟ್ಟು ನಿಂದು."

ತಂಗಿಯ ಮಗಳು ಒದ್ದೆ ಸೀರೆಯಲ್ಲಿ ನಡುಗುತ್ತ ಬಂದಳು. ಬಾಯಿ ಜೋರು ಇಳಿದಿತ್ತು. "ದೊಡ್ಡವ್ವಾ, ನನಗ ಮೈಯಿಲ್ಲ, ಅದಕ್ಕೇ ಹಿಂಗಾತು. ಈ ಹಾಳು ಕಡ್ಡಿ ಮೈ ತಗೊಂಡು ಏನು ಮಾಡಲಿ? ಇವತ್ತಿಂದ ದಿನಾ ಬೆಣ್ಣಿ ತಿಂದು ನಿನ್ನ ಹಂಗ ಆಗ್ತೀನಿ," ಎಂದು ಅತ್ತಳು.

ಅಂಬಿಗಿತ್ತಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬೆಣ್ಣಿ ರುಚಿಗೆ ತಿನ್ನು. ಹೊಳಿಗೆ ಬ್ಯಾರೆ ಐತಿ," ಎಂದಳು. ಕಟ್ಟೆಗೆ ಹೋದಳು. ಕಲ್ಲಿಗೆ ಕೈ ಮುಗಿದಳು. ಆಮೇಲೆ ಅದನ್ನು ತಬ್ಬಿ ಎತ್ತಿದಳು.

ದಡವೆಲ್ಲ ಗದ್ದಲವಾಯಿತು. "ಏಯ್, ದೇವರನ್ನ ಒಯ್ದು ಕಾಲಾಗ ಇಡ್ತೀಯೇನು?" ಎಂದು ಗೌಡ ಅಡ್ಡ ಬಂದ.

"ಆಕಿ ಮೊದಲು ಅಲ್ಲೇ ಕುಂತಿದ್ಲು ರೀ. ಮ್ಯಾಲೆ ಒಯ್ದು ಕುಂದರಿಸಿದಾಕಿ ನಾನು. ದಾರಿ ಬಿಡ್ರಿ, ಆಕೀ ಭಾಳ ಭಾರ ಅದಾಳ," ಎಂದಳು ಅಂಬಿಗಿತ್ತಿ.

ಭಾರ ಹೊತ್ತವಳಿಗೆ ದಾರಿ ಬಿಡುವುದು ಆ ಊರಿನ ರೂಢಿ. ಗೌಡನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು.

ಅವಳು ಕಲ್ಲನ್ನು ಹುಡುಗಿಯ ಹರಿಗೋಲಿನಲ್ಲಿ, ನಡುವಿನಿಂದ ಸ್ವಲ್ಪ ಹಿಂದೆ ಇಟ್ಟಳು. "ನೀನು ಅಂಚಿಗೇ ಕುಂದರು. ಅದು ನಿನ್ನ ಜಾಗ. ನನಗ ಜಾಗ ಬೇಕಿತ್ತು, ನಿನಗ ಜೋಡಿ ಬೇಕಿತ್ತು, ಅಷ್ಟೇ. ಹೋಗು," ಎಂದಳು.

ಹುಡುಗಿ ಮೂಗು ಒರೆಸಿಕೊಂಡು ಹತ್ತಿದಳು. ಮೆಟ್ಟಿಲು ಮುಟ್ಟಿ ಬಂದಳು.

ಹಿರಿಯರಿಗೆ ಪೇಚಾಯಿತು. ಇಬ್ಬರು ಮೆಟ್ಟಿಲು ಮುಟ್ಟಿದರೆ ಏನು ಮಾಡಬೇಕೆಂದು ಪದ್ಧತಿಯಲ್ಲಿ ಇರಲಿಲ್ಲ. ಕೊನೆಗೆ, ಸಂತೆಯ ದಿನ ಹೇಗೂ ಜನ ಹೆಚ್ಚು, ಎರಡು ಹರಿಗೋಲು ಇರಲಿ ಎಂದು ಹೇಳಿ, ಮಳೆ ಜೋರಾಯಿತೆಂದು ಮನೆಗೆ ಹೋದರು.

ಅವ್ವನವರು ಕತೆ ನಿಲ್ಲಿಸಿದರು. ಹುಣಸೆಹಣ್ಣು ಮುಗಿದಿತ್ತು. ಮುರಿಗೆಪ್ಪ ಕೈ ಒರೆಸಿಕೊಂಡ. ಗುಡ್ಡದ ಕಡೆ ಒಮ್ಮೆ ನೋಡಿದ. ತನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದ.

"ಅವ್ವಾರೇ, ಒಂದು ಮಾತು ಹೇಳುವುದು ಬಿಟ್ಟಿರಿ. ಕೊನೆಗೆ ಆ ಅಂಬಿಗಿತ್ತಿ ಮತ್ತೆ ದಪ್ಪಗಾದಳೋ, ತೆಳ್ಳಗೇ ಉಳಿದಳೋ?"

ಅವ್ವನವರು ಮೊರ ಎತ್ತಿಕೊಂಡು ಎದ್ದು ನಿಂತರು.

"ಅವಳು ಹೊಳೆ ದಾಟಿ ಬಂದಳು, ಮುರಿಗೆಪ್ಪಾ, ನೀನು ಇನ್ನೂ ದಡದಲ್ಲೇ ನಿಂತು ಅವಳ ಸೊಂಟ ಅಳೆಯುತ್ತಿದ್ದೀಯಲ್ಲ."